ಸೀಸದ ಹೇರು

ಲೋಹಗಳೊಳಗೆ ಸೀಸವು ಭಾರಕ್ಕೆ ಹೆಸರಾದುದು. ನೀರಿಗಿಂತ ಹನ್ನೊಂದು ಪಟ್ಟಿಗೂ ಮಿಗಿಲಾದ ತೂಕವುಳ್ಳ ಈ ಲೋಹವು ಮೆದುವಾದುದರಿಂದಲೂ, ಅಲ್ಪ ತಾಪಕ್ಕೇ ಕರಗುವುದರಿಂದಲೂ, ಮಳೆಗಾಳಿಗಳಿಗೆ ಜಗ್ಗದೆ ನೂರಾರು ವರ್ಷ ಬಾಳುವುದರಿಂದಲೂ ಹದಿನೆಂಟನೆಯ ಶತಮಾನದ ಇಂಗ್ಲೆಂಡಿಗೆ ಅತ್ಯಾವಶ್ಯಕವಾದ ಪದಾರ್ಥವಾಗಿದ್ದಿತು. ದೇವಾಲಯಗಳ ಮಾಡಿಗೆ ಹೊದಿಸುವ ತಗಡು, ಮನೆಗೆ ನೀರು ತರುವ ಕೊಳವೆ, ಕಿಟಕಿಯ ಗಾಜಿನ ತುಂಡುಗಳನ್ನು ಬಿಗಿದು ನಿಲ್ಲಿಸುವ ಪಟ್ಟಿ, ಬಂದೂಕಿನ ಗುಂಡು, ಅಚ್ಚುಕೂಟದ ಮೊಳೆ, ಗೋಡೆಗೂ ಬಾಗಿಲಿಗೂ ಬಳಿಯುವ ಬಿಳಿಯ ಬಣ್ಣ, ಇವೆಲ್ಲಕ್ಕೂ ಸೀಸವೇ ಮೂಲದ್ರವ್ಯ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಲಂಡನ್ನಿನಿಂದ ನಮ್ಮ ದೇಶದ ರೇವುಗಳಿಗೆ ಹೊರಡುವಾಗ ಉಣ್ಣೆಯ ಬಟ್ಟೆ, ಕಬ್ಬಿಣ, ತಾಮ್ರಗಳೊಡನೆ ಸೀಸದ ಗಟ್ಟಿಗಳನ್ನೂ ಹೊತ್ತು ತರುತ್ತಿದ್ದುವು. ಇಷ್ಟೊಂದು ಉಪಯೋಗವುಳ್ಳ ಈ ಲೋಹವನ್ನು ನೆಲದಿಂದ ತೆಗೆದು ಪೇಟೆಗೆ ಮುಟ್ಟಿಸುವ ಕಾರ್ಯವು ಆ ಕಾಲದಲ್ಲಿ ಹೇಗೆ ನಡೆಯುತ್ತಿದ್ದಿತು, ಅದನ್ನು ನಡೆಸುತ್ತಿದ್ದವರು ಯಾರು, ಅವರ ಚಿಂತೆಗಳೇನು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಗಣಿಯೆಂದೊಡನೆ ನಮ್ಮ ಮನಸ್ಸು ಭೂಗರ್ಭದ ಕತ್ತಲೆಗೆ ಇಳಿಯುತ್ತದೆ. ಆದರೆ ಆ ಕಾಲದ ಗಣಿಗಳ ಪಾರುಪತ್ಯವನ್ನು ಕುರಿತು ಓದಿದಷ್ಟೂ ನನಗೆ ದೃಢವಾಗುತ್ತ ಬಂದಿರುವ ಸಂಗತಿಯೆಂದರೆ, ಸೀಸದ ವ್ಯಾಪಾರದ ಏಳುಬೀಳುಗಳು ನಿರ್ಣಯವಾಗುತ್ತಿದ್ದುದು ಭೂಮಿಯ ಒಳಗಲ್ಲ, ಭೂಮಿಯ ಮೇಲೆ. ಅದರಲ್ಲಿಯೂ ಬೆಟ್ಟದ ಮೇಲಣ ಹುಲ್ಲು, ಹಳ್ಳದ ನೀರು, ರೈತನ ಕುದುರೆ ಈ ಮೂರನ್ನು ಅವಲಂಬಿಸಿ. ಅದಿರನ್ನು ಕಂಡುಹಿಡಿಯುವುದು ಅದೃಷ್ಟಕ್ಕೆ ಸೇರಿದ್ದು. ಅಗೆಯುವುದು ತೋಳ್ಬಲಕ್ಕೆ ಸೇರಿದ್ದು. ಅಗೆದುದನ್ನು ಸಾಗಿಸುವುದು ಮಾತ್ರ ಕೇವಲ ಬುದ್ಧಿಗೂ ತಾಳ್ಮೆಗೂ ಸೇರಿದ್ದು.

ಇಂಗ್ಲೆಂಡಿನ ಉತ್ತರಭಾಗದಲ್ಲಿ ಪೆನ್ನೈನ್ ಎಂಬ ಪರ್ವತಶ್ರೇಣಿಯಿದೆ. ಅದರ ಉತ್ತರದ ತುದಿಯಲ್ಲಿ ಟೈನ್, ವಿಯರ್, ಟೀಸ್ ಎಂಬ ಮೂರು ನದಿಗಳು ಹುಟ್ಟಿ ಪೂರ್ವದ ಸಮುದ್ರಕ್ಕೆ ಹರಿಯುತ್ತವೆ. ಈ ನದಿಗಳ ಮೇಲ್ಕಣಿವೆಗಳಾದ ಅಲೆನ್‌ಡೇಲ್, ವಿಯರ್‌ಡೇಲ್, ಆಲ್‌ಸ್ಟನ್ ಮೂರ್, ಟೀಸ್‌ಡೇಲ್ ಎಂಬ ಪ್ರದೇಶಗಳೇ ಆ ಶತಮಾನದಲ್ಲಿ ಇಂಗ್ಲೆಂಡಿನ ಸೀಸದ ಮುಖ್ಯ ನೆಲೆಗಳಲ್ಲಿ ಸೇರಿದ್ದುವು. ಮರವಿಲ್ಲದ ಬೋಳುಬೆಟ್ಟ, ವರ್ಷದ ಬಹುಭಾಗ ಒದ್ದೆಯಾಗಿಯೇ ಇರುವ ಜೌಗುನೆಲ, ಆರು ತಿಂಗಳ ಚಳಿ, ಇವು ಅಲ್ಲಿಯ ಲಕ್ಷಣಗಳು. ಸುಣ್ಣಕಲ್ಲು, ಮರಳುಗಲ್ಲುಗಳ ಪದರಗಳು ಒಂದರ ಮೇಲೊಂದು ಮಲಗಿರುವ ಆ ನೆಲದಲ್ಲಿ, ಗೋಡೆಯ ಬಿರುಕಿಗೆ ಗಾರೆ ತುಂಬಿದಂತೆ, ನೆಟ್ಟಗೆ ನಿಂತ ಸೀಳುಗಳೊಳಗೆ ಅದಿರು ತುಂಬಿಕೊಂಡಿರುತ್ತದೆ. ಈ ಅದಿರಿನ ಹೆಸರು ಗೆಲೀನಾ. ಗಂಧಕದೊಡನೆ ಕೂಡಿದ ಸೀಸ. ಒಡೆದಾಗ ಹೊಸ ಲೋಹದಂತೆ ಥಳಥಳಿಸುವ, ಚೌಕಚೌಕವಾಗಿ ಸೀಳುವ ಈ ಕಲ್ಲಿನೊಳಗೆ ಅಲ್ಪ ಪ್ರಮಾಣದ ಬೆಳ್ಳಿಯೂ ಅಡಗಿರುತ್ತದೆ.

ಭೂಮಿಯೊಡೆಯರ ಹಕ್ಕುಗಳು ಕಣಿವೆಯಿಂದ ಕಣಿವೆಗೆ ಬೇರೆಯಾಗಿದ್ದುವು. ವಿಯರ್‌ಡೇಲಿನಲ್ಲಿ ನೆಲದೊಳಗಣ ಸೊತ್ತು ಡರ್‌ಹ್ಯಾಮಿನ ಬಿಷಪ್ಪನದು. ತೆಗೆದ ಅದಿರಿನಲ್ಲಿ ಒಂಬತ್ತನೆಯ ಒಂದು ಪಾಲು ಆತನಿಗೆ, ಹತ್ತನೆಯ ಒಂದು ಪಾಲು ಸ್ಟ್ಯಾನ್‌ಹೋಪ್ ಎಂಬ ಊರಿನ ಧರ್ಮಾಧಿಕಾರಿಗೆ ಸಲ್ಲಬೇಕಾಗಿದ್ದಿತು. ಈ ದಶಮಾಂಶದ ಬಲದಿಂದ ಸ್ಟ್ಯಾನ್‌ಹೋಪಿನ ಪಾದ್ರಿಯ ಪದವಿಯು ದೇಶದಲ್ಲಿಯೇ ಹೆಚ್ಚು ಉತ್ಪನ್ನವುಳ್ಳವುಗಳಲ್ಲಿ ಒಂದಾಗಿದ್ದಿತು. ಜೋಸೆಫ್ ಬಟ್ಲರ್ ಎಂಬ ಪ್ರಸಿದ್ಧ ಧರ್ಮಜಿಜ್ಞಾಸು ೧೭೨೫ರಿಂದ ಹದಿನೈದು ವರ್ಷ ಆ ಪದವಿಯಲ್ಲಿದ್ದನು. ಪ್ರಕೃತಿಯ ಕ್ರಮಕ್ಕೂ ಧರ್ಮಕ್ಕೂ ಇರುವ ಸಾದೃಶ್ಯವನ್ನು ಕುರಿತ ಆತನ ಮಹಾಗ್ರಂಥವು ೧೭೩೬ರಲ್ಲಿ ಹೊರಬಂದಾಗ ಆತನ ಜೀವನಕ್ಕೆ ಆಧಾರವಾಗಿದ್ದುದರಲ್ಲಿ ಆ ಬೆಟ್ಟದ ಗಣಿಗಾರರ ಬೆವರಿನ ಹತ್ತನೆಯ ಪಾಲೂ ಸೇರಿದ್ದಿತೆಂಬುದು ನೆನೆಯತಕ್ಕ ಸಂಗತಿ.

ಆಲ್‌ಸ್ಟನ್ ಮೂರಿನ ಕಥೆ ಇನ್ನೂ ವಿಚಿತ್ರವಾದುದು. ಅದು ಡರ್ವೆಂಟ್‌ವಾಟರ್ ಪ್ರಭುಗಳ ಸಂಸ್ಥಾನಕ್ಕೆ ಸೇರಿದ್ದಿತು. ೧೭೧೫ರ ಬಂಡಾಯದಲ್ಲಿ ಪದಚ್ಯುತ ರಾಜವಂಶದ ಪಕ್ಷವನ್ನು ವಹಿಸಿದ ಯುವಕ ಪ್ರಭು ಜೇಮ್ಸ್ ರ‍್ಯಾಡ್‌ಕ್ಲಿಫ್ ಮರುವರ್ಷ ಲಂಡನ್ನಿನಲ್ಲಿ ಶಿರಶ್ಛೇದಕ್ಕೆ ಗುರಿಯಾದನು. ಸಂಸ್ಥಾನವು ಸರ್ಕಾರಕ್ಕೆ ಮುಟ್ಟುಗೋಲಾಗಿ, ೧೭೩೫ರಲ್ಲಿ ಗ್ರೀನಿಚ್ಚಿನ ನಾವಿಕರ ಆಸ್ಪತ್ರೆಗೆ ಉಂಬಳಿಯಾಗಿ ಬಂದಿತು. ಅಂದಿನಿಂದ ಆಲ್‌ಸ್ಟನ್ನಿನ ಅದಿರಿನ ಐದನೆಯ ಒಂದು ಪಾಲು, ಕೈಕಾಲು ಕಳೆದುಕೊಂಡ ಮುದಿ ನಾವಿಕರ ಅನ್ನಕ್ಕೂ ವಸ್ತ್ರಕ್ಕೂ ಒದಗುವಂತಾಯಿತು. ತನ್ನ ಪಾಲಿಗೆ ಬಂದ ಅದಿರನ್ನು ತಾನೇ ಕರಗಿಸಿಕೊಳ್ಳಲೆಂದು ಆಸ್ಪತ್ರೆಯು ಲ್ಯಾಂಗ್ಲಿ ಎಂಬಲ್ಲಿ ಕುಲುಮೆಯನ್ನೂ ಕಟ್ಟಿಸಿತು. ಅದೇ ಪ್ರದೇಶದಲ್ಲಿ, ೧೬೯೨ರಲ್ಲಿ ರಾಜಸನ್ನದು ಪಡೆದ ಲಂಡನ್ ಸೀಸದ ಕಂಪನಿಯು ನೆಂಟ್‌ಹೆಡ್ ಎಂಬ ಸ್ಥಳವನ್ನು ಹಿಡಿದು ಕೆಲಸಗಾರರಿಗಾಗಿ ಊರನ್ನೇ ಕಟ್ಟತೊಡಗಿತು. ಅದರ ಸೂತ್ರಧಾರರಲ್ಲಿ ಅನೇಕರು ಕ್ವೇಕರ್ ಪಂಥದವರಾದುದರಿಂದ ಜನರು ಅದನ್ನು ಕ್ವೇಕರ್ ಕಂಪನಿಯೆಂದೇ ಕರೆಯುತ್ತಿದ್ದರು.

ಇವರೆಲ್ಲರಿಗಿಂತ ಅಲೆನ್‌ಡೇಲಿನಲ್ಲಿಯೂ ವಿಯರ್‌ಡೇಲಿನಲ್ಲಿಯೂ ಆಳವಾಗಿ ಬೇರೂರಿ ನಿಂತವರು ನ್ಯೂಕಾಸಲ್ ಪಟ್ಟಣದ ವರ್ತಕವಂಶವಾದ ಬ್ಲ್ಯಾಕೆಟ್ ಮನೆತನದವರು. ಈ ಮನೆತನದ ಮೂರನೆಯ ಸರ್ ವಿಲಿಯಂ ೧೭೨೮ರಲ್ಲಿ ತೀರಿಕೊಂಡಾಗ ಗಣಿಗಳೊಡನೆ ದೊಡ್ಡ ಸಾಲದ ಹೊರೆಯನ್ನೂ ಬಿಟ್ಟುಹೋದನು. ತನ್ನ ಸೋದರಳಿಯನಾದ ವಾಲ್ಟರ್ ಕಾಲ್ವರ್ಲಿಯು ತನ್ನ ವಿವಾಹಬಾಹಿರ ಪುತ್ರಿಯ ಕೈಹಿಡಿದು ಬ್ಲ್ಯಾಕೆಟ್ ಎಂಬ ಹೆಸರನ್ನು ಧರಿಸಿದರೆ ಮಾತ್ರ ಆಸ್ತಿಯು ಅವನಿಗೆ ಸಲ್ಲತಕ್ಕುದೆಂದು ಉಯಿಲಿನಲ್ಲಿ ಬರೆದಿದ್ದನು. ಯುವಕನು ಎರಡು ನಿಬಂಧನೆಗಳನ್ನೂ ಒಪ್ಪಿ, ಮುಂದೆ ಸರ್ ವಾಲ್ಟರ್ ಬ್ಲ್ಯಾಕೆಟ್ ಎಂದು ಪ್ರಸಿದ್ಧನಾಗಿ, ಐದು ಬಾರಿ ನ್ಯೂಕಾಸಲ್ಲಿನ ಮೇಯರನೂ ನಾಲ್ಕು ದಶಕಗಳಿಗೂ ಮಿಕ್ಕಿ ಪಾರ್ಲಿಮೆಂಟಿನ ಸದಸ್ಯನೂ ಆಗಿ, ೧೭೭೭ರಲ್ಲಿ ನಿಧನನಾದನು. ದೊರೆಯು ಲಂಡನ್ನಿನ ಸಭೆಯಲ್ಲಿ, ಅದಿರು ಬೆಟ್ಟದ ಹೊಟ್ಟೆಯಲ್ಲಿ. ಇವೆರಡರ ನಡುವೆ ಕಾಗದ ಬರೆಯುತ್ತ, ಕುದುರೆಯೇರಿ ತಿರುಗುತ್ತ, ಲೆಕ್ಕವಿಡುತ್ತ ಕುಳಿತವರು ಪಾರುಪತ್ಯಗಾರರು. ನನ್ನ ಕಥಾನಾಯಕರು ಅವರೇ.

ಗಣಿಯ ಒಳಗಣ ವ್ಯವಸ್ಥೆಯನ್ನು ಮೊದಲು ಹೇಳುತ್ತೇನೆ. ಅಲ್ಲಿಯ ಗಣಿಗಾರನು ದಿನಗೂಲಿಯ ಆಳಾಗಿರಲಿಲ್ಲ. ನಾಲ್ಕರಿಂದ ಎಂಟು ಮಂದಿ, ಬಹುಮಟ್ಟಿಗೆ ಅಣ್ಣತಮ್ಮಂದಿರೋ ನೆರೆಹೊರೆಯವರೋ, ಒಂದು ಕೂಟ ಕಟ್ಟಿಕೊಂಡು ಗಣಿಯ ಒಂದು ಭಾಗವನ್ನು ಸಾಮಾನ್ಯವಾಗಿ ಮೂರು ತಿಂಗಳ ಮಟ್ಟಿಗೆ ಗುತ್ತಿಗೆ ಹಿಡಿಯುತ್ತಿದ್ದರು. ಅದಿರಿನ ಅಳತೆಗೆ 'ಬಿಂಗ್' ಎಂದು ಹೆಸರು; ತೊಳೆದು ಶುದ್ಧಮಾಡಿದ ಎಂಟು ಹಂಡ್ರೆಡ್‌ವೇಟ್ ಅದಿರು, ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು ೪೦೦ ಕಿಲೋಗ್ರಾಮಿನಷ್ಟು, ಒಂದು ಬಿಂಗ್. ಪ್ರತಿ ಬಿಂಗಿಗೆ ಇಷ್ಟು ಷಿಲ್ಲಿಂಗ್ ಎಂಬುದೇ ಕರಾರು. ಸೀಳಿನೊಳಗಣ ಅದಿರಿನ ಎಳೆ ದಪ್ಪನಾಗಿ ಸಲೀಸಾಗಿ ಸಿಕ್ಕುವ ಕಡೆ ದರ ಕಡಿಮೆ, ಎಳೆ ಸಣಕಲಾಗಿ ಬಂಡೆ ಗಟ್ಟಿಯಾಗಿರುವ ಕಡೆ ದರ ಹೆಚ್ಚು. ಇನ್ನೂ ಅದಿರೇ ಕಾಣದ ಕಡೆ ಸುರಂಗ ಕೊರೆಯಲು ಮಾರಿಗಿಷ್ಟೆಂದು ಬೇರೆ ಕರಾರು ಇರುತ್ತಿದ್ದಿತು.

ಕರಾರಿನ ದಿನದ ಚೌಕಾಸಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಪಾರುಪತ್ಯಗಾರನು ಹಿಂದಿನ ದಿನಗಳಲ್ಲಿ ಗಣಿಗಿಳಿದು ಮೇಣದಬತ್ತಿಯ ಬೆಳಕಿನಲ್ಲಿ ಎಳೆಯನ್ನು ಪರೀಕ್ಷಿಸಿ ಬಂದಿದ್ದಾನೆ. ಆದರೆ ಆ ಬಂಡೆಯ ಮುಂದೆ ಮೂರು ತಿಂಗಳು ಸುತ್ತಿಗೆ ಹೊಡೆದವನಿಗೆ ತಿಳಿದಿರುವಷ್ಟು ಅವನಿಗೆ ತಿಳಿಯದು. ಕಲ್ಲು ಮೆದುವಾಗುತ್ತ ಬಂದಿದೆಯೋ, ಎಳೆ ಮುಂದಕ್ಕೆ ಅಗಲವಾಗುವ ಸೂಚನೆಯಿದೆಯೋ, ಗಣಿಗಾರನು ಬಾಯಿಬಿಡುವುದಿಲ್ಲ. ಸೀಸದ ಬೆಲೆ ಲಂಡನ್ನಿನಲ್ಲಿ ಏರಿದೆಯೋ ಇಳಿದಿದೆಯೋ, ಪಾರುಪತ್ಯಗಾರನು ಬಾಯಿಬಿಡುವುದಿಲ್ಲ. ಹೀಗೆ ಒಬ್ಬನು ನೆಲದ ಗುಟ್ಟನ್ನೂ ಇನ್ನೊಬ್ಬನು ಪೇಟೆಯ ಗುಟ್ಟನ್ನೂ ಹಿಡಿದುಕೊಂಡು ದರವನ್ನು ಜಗ್ಗಾಡುವುದೇ ಆ ವ್ಯವಸ್ಥೆಯ ಜೀವಾಳ. ಗಣಿಗಾರನ ಸ್ವಾತಂತ್ರ್ಯಪ್ರಿಯತೆಯನ್ನು ಈ ಪದ್ಧತಿಯು ಕಾಪಾಡಿತೆಂದು ಹೊಗಳುವವರುಂಟು. ಆ ಮಾತಿನಲ್ಲಿ ಸತ್ಯವೂ ಉಂಟು. ಆದರೆ ನಷ್ಟದ ಭಯದಲ್ಲಿ ದೊಡ್ಡ ಪಾಲನ್ನು ಬಡವನ ತಲೆಯ ಮೇಲೆ ಹೊರಿಸುವುದಕ್ಕೂ ಇದಕ್ಕಿಂತ ಸುಲಭವಾದ ಉಪಾಯವಿರಲಿಲ್ಲವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಮೇಣದಬತ್ತಿ, ಸಿಡಿಮದ್ದು, ಉಪಕರಣಗಳ ಖರ್ಚು ಅವನದೇ. ಹೊಟ್ಟೆಪಾಡಿಗೆಂದು ತಿಂಗಳಿಗಿಷ್ಟು ಮುಂಗಡ ಕೊಡುತ್ತಿದ್ದರು. ಪೂರ್ಣ ಲೆಕ್ಕ ತೀರುತ್ತಿದ್ದುದು ವರ್ಷಕ್ಕೊಂದು ಸಲ. ಸೀಸವು ಮಾರಾಟವಾಗದೆ ಉಗ್ರಾಣದಲ್ಲಿ ನಿಂತ ವರ್ಷಗಳಲ್ಲಿ ಆ ಲೆಕ್ಕದ ದಿನವೂ ಮುಂದಕ್ಕೆ ಹೋಗುತ್ತಿದ್ದಿತು. ಅಲ್ಲಿಯವರೆಗೆ ಅಂಗಡಿಯವನ ಸಾಲವೇ ಗತಿ.

ಅಗೆದು ತಂದ ಅದಿರು ಹಾಗೆಯೇ ಕುಲುಮೆಗೆ ಹೋಗುವಂತಿರಲಿಲ್ಲ. ಕಲ್ಲನ್ನು ಕುಟ್ಟಿ, ಜರಡಿಯಲ್ಲಿಟ್ಟು ನೀರೊಳಗೆ ಅಲುಗಿಸಿ, ಹರಿಯುವ ಕಾಲುವೆಯಲ್ಲಿ ತೊಳೆದು, ಭಾರವಾದ ಅದಿರು ತಳಕ್ಕೆ ನಿಲ್ಲುವಂತೆಯೂ ಹಗುರವಾದ ಕಲ್ಲು ಕೊಚ್ಚಿಹೋಗುವಂತೆಯೂ ಮಾಡಬೇಕಾಗಿದ್ದಿತು. ಬಯಲಿನಲ್ಲಿ, ಗಾಳಿಗೆ ಮೈಯೊಡ್ಡಿ, ತಣ್ಣೀರಿನಲ್ಲಿ ಕೈಯಿಟ್ಟು ಮಾಡುವ ಈ ಕೆಲಸ ಹುಡುಗರದು, ಹಲವೆಡೆ ಹೆಂಗಸರದೂ ಹೌದು. ನೀರು ಹೆಪ್ಪುಗಟ್ಟುವ ಚಳಿಗಾಲದಲ್ಲಿ ತೊಳೆಯುವ ಕೆಲಸ ನಿಂತೇಹೋಗುತ್ತಿದ್ದಿತು. ತೊಳೆಯದ ಅದಿರಿಗೆ ಅಳತೆಯಿಲ್ಲ, ಅಳತೆಯಾಗದೆ ಹಣವಿಲ್ಲ. ಅಳತೆಯ ಕಟ್ಟೆಯ ಬಳಿ ಇನ್ನೊಂದು ಜಗಳ: ಸರಿಯಾಗಿ ತೊಳೆಯದೆ ಕಲ್ಲು ಬೆರೆತ ಅದಿರನ್ನು ಒಪ್ಪಿಸಿದರೆ ಕುಲುಮೆಯವರು ದೂರುತ್ತಾರೆ, ಒಪ್ಪುವುದಿಲ್ಲವೆಂದರೆ ಗಣಿಗಾರರು ಮುನಿಯುತ್ತಾರೆ. ಈ ಇಬ್ಬರ ನಡುವೆ ತಕ್ಕಡಿ ಹಿಡಿದು ನಿಲ್ಲತಕ್ಕವನು ಪಾರುಪತ್ಯಗಾರ.

ಈಗ ಸಾಗಣೆಯ ಮಾತಿಗೆ ಬರುತ್ತೇನೆ. ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದೂ ಅಲ್ಲಿಯೇ.

ಗಣಿಯಿರುವ ಕಡೆಯೇ ಕುಲುಮೆಯನ್ನೇಕೆ ಕಟ್ಟಬಾರದು ಎಂದು ಕೇಳಬಹುದು. ಕಟ್ಟಿದ್ದೂ ಉಂಟು. ಆದರೆ ಕುಲುಮೆಗೆ ತಿದಿಯನ್ನೊತ್ತುವ ನೀರಿನ ಚಕ್ರ ಬೇಕು, ಅದನ್ನು ತಿರುಗಿಸುವಷ್ಟು ಬಲವುಳ್ಳ ಹೊಳೆ ಬೇಕು, ಉರುವಲು ಬೇಕು. ಬ್ಲ್ಯಾಕೆಟ್ ಮನೆತನದವರ ದೊಡ್ಡ ಕುಲುಮೆಯಿದ್ದುದು ಹೆಕ್ಸಮ್ ಪಟ್ಟಣದ ದಕ್ಷಿಣಕ್ಕೆ ಡ್ಯೂಕ್ಸ್‌ಫೀಲ್ಡ್ ಎಂಬ ಮರಗಳಿಂದ ಕೂಡಿದ ತಗ್ಗಿನಲ್ಲಿ, ಡೆವಿಲ್ಸ್ ವಾಟರ್ ಎಂಬ ಹೊಳೆಯ ದಡದಲ್ಲಿ. ಅಲೆನ್‌ಡೇಲಿನ ಅಲೆನ್‌ಹೆಡ್ಸ್ ಗಣಿಯಿಂದ ಅಲ್ಲಿಗೆ ಹತ್ತು ಹನ್ನೆರಡು ಮೈಲಿ. ವಿಯರ್‌ಡೇಲಿನ ಗಣಿಗಳಿಂದ ಇನ್ನೂ ದೂರ. ನಡುವೆ ಇರುವುದು ಜೌಗಿನ ಬೆಟ್ಟ. ಕುಲುಮೆಯಿಂದ ಟೈನ್ ನದಿಯ ರೇವಿಗೆ ಸುಮಾರು ಇಪ್ಪತ್ತು ಮೈಲಿ. ಟೈನ್ ನದಿಯು ನ್ಯೂಕಾಸಲ್ಲಿನಿಂದ ಕೆಳಕ್ಕೆ ಹಡಗುಗಳನ್ನು ತೇಲಿಸುವುದಾದರೂ ಹೆಕ್ಸಮ್ಮಿನ ಕಡೆಯಲ್ಲಿ ದೋಣಿಯ ಸಾಗಣೆಗೆ ಒದಗುವಂತಹುದಲ್ಲ. ಆದುದರಿಂದ ಗಣಿಯಿಂದ ಹಡಗಿನವರೆಗಿನ ದಾರಿಯಷ್ಟೂ ನೆಲದ ಮೇಲೆಯೇ ನಡೆಯತಕ್ಕದ್ದು.

ಆ ನೆಲದ ದಾರಿಗಳು ಎಂಥವಾಗಿದ್ದುವೆಂಬುದಕ್ಕೆ ಒಂದು ನಿದರ್ಶನ ಸಾಕು. ೧೭೪೫ರ ನವೆಂಬರಿನಲ್ಲಿ ಅದೇ ಪದಚ್ಯುತ ರಾಜವಂಶದ ರಾಜಕುಮಾರ ಚಾರ್ಲ್ಸನ ದಂಡು ಪಶ್ಚಿಮದ ಕಾರ್ಲೈಲನ್ನು ಮುತ್ತಿದಾಗ, ನ್ಯೂಕಾಸಲ್ಲಿನಲ್ಲಿದ್ದ ಮಾರ್ಷಲ್ ವೇಡನ ಸೇನೆಯು ಅದರ ರಕ್ಷಣೆಗೆಂದು ಹೊರಟು, ಹಿಮದಲ್ಲಿಯೂ ಕೆಟ್ಟ ದಾರಿಯಲ್ಲಿಯೂ ಸಿಕ್ಕಿ, ಹೆಕ್ಸಮ್ಮಿನಿಂದಲೇ ಹಿಂತಿರುಗಬೇಕಾಯಿತು. ಈ ಅವಮಾನದ ಫಲವಾಗಿಯೇ ಮುಂದಿನ ದಶಕದಲ್ಲಿ, ರೋಮನ್ನರ ಹಳೆಯ ಗೋಡೆಯನ್ನೇ ಬಹುದೂರ ಅಡಿಪಾಯವಾಗಿ ಮಾಡಿಕೊಂಡು, ಸೇನಾಮಾರ್ಗವೊಂದು ಕಟ್ಟಲ್ಪಟ್ಟಿತು. ಫಿರಂಗಿಗಳುಳ್ಳ ರಾಜಸೇನೆಯು ಹೋಗಲಾರದ ತಗ್ಗಿನ ದಾರಿಯೇ ಅದಾಗಿದ್ದರೆ, ಅದಕ್ಕಿಂತ ಸಾವಿರ ಅಡಿ ಎತ್ತರದಲ್ಲಿ, ಗಾಡಿಯ ಚಕ್ರವೂ ಇಳಿಯದಂತಹ ಬೆಟ್ಟದ ಮೇಲೆ, ವರ್ಷವರ್ಷವೂ ಸಾವಿರಾರು ಹೇರುಗಳನ್ನು ಸಾಗಿಸಿದವರ ಸಾಮರ್ಥ್ಯವನ್ನು ಏನೆಂದು ಹೇಳೋಣ!

ಸಾಗಿಸುತ್ತಿದ್ದುದು ಗ್ಯಾಲೊವೆ ಎಂಬ ತಳಿಯ ಗಿಡ್ಡ ಕುದುರೆಗಳು. ಒಂದು ಬಿಂಗಿನ ನಾಲ್ಕನೆಯ ಒಂದು ಪಾಲು ಒಂದು ಕುದುರೆಯ ಹೇರು. ಎಂದರೆ ಬೆನ್ನಿನ ಎರಡು ಮಗ್ಗುಲಿಗೂ ಇಳಿಬಿಟ್ಟ ಎರಡು ಚೀಲಗಳಲ್ಲಿ ನೂರು ಕಿಲೋಗ್ರಾಮು. ಅದಿರು ಭಾರವಾದುದರಿಂದ ಚೀಲವು ನೋಡುವುದಕ್ಕೆ ಪುಟ್ಟದು. ಗಾತ್ರವಿಲ್ಲದ ಆ ಭಾರವು ಕುದುರೆಯ ಪಕ್ಕೆಗಳ ಮೇಲೆ ಒಂದೇ ಕಡೆ ಇಳಿದು ಒತ್ತುವುದರಿಂದ ಮರದ ಜೀನನ್ನು ಬಲು ಎಚ್ಚರಿಕೆಯಿಂದ ಕಟ್ಟಬೇಕು, ಎರಡು ಚೀಲಗಳೂ ಸರಿದೂಗಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗಿ ಕುದುರೆಯು ಹಲವು ದಿನ ಕೆಲಸಕ್ಕೆ ಬಾರದಂತಾಗುತ್ತದೆ. ಇಂತಹ ಹೇರುಕುದುರೆಗಳು ಸಾಲಾಗಿ ಒಂದರ ಹಿಂದೊಂದು ನಡೆಯುತ್ತವೆ. ಮುಂದಾಳಾದ ಕುದುರೆಯ ಕೊರಳಲ್ಲಿ ಗಂಟೆ. ಮಂಜು ಕವಿದಾಗ ಹಿಂದಿನವಕ್ಕೆ ಆ ನಾದವೇ ದಾರಿ. ಅದಿರಿನ ಪುಡಿ ಚೆಲ್ಲಿದ ದಾರಿಯ ಬದಿಯ ಹುಲ್ಲು ವಿಷವಾಗಿರುತ್ತಿದ್ದುದರಿಂದ ಕುದುರೆಗಳ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಸೀಸದ ವಿಷವೇರಿ ದನಕರುಗಳು ಸಾಯುವ ಬೇನೆಗೆ ಆ ಸೀಮೆಯಲ್ಲಿ 'ಬೆಲೆಂಡ್' ಎಂಬ ಹೆಸರೇ ಬಳಕೆಯಲ್ಲಿದ್ದಿತು.

ಈಗ ಸ್ವಲ್ಪ ಲೆಕ್ಕಮಾಡೋಣ. ಸೀಸವನ್ನು ಮಾರುವ ಅಳತೆಗೆ 'ಫೋದರ್' ಎಂದು ಹೆಸರು. ಅದು ಒಂದು ಟನ್ನಿಗಿಂತ ತುಸು ಹೆಚ್ಚು. ಒಂದು ಫೋದರ್ ಸೀಸ ಬರಬೇಕಾದರೆ ಸುಮಾರು ನಾಲ್ಕು ಬಿಂಗ್ ಅದಿರು ಬೇಕು. ನಾಲ್ಕು ಬಿಂಗಿಗೆ ಹದಿನಾರು ಹೇರು. ಸಾವಿರ ಫೋದರ್ ಸೀಸವನ್ನು ಮಾರಬಯಸುವ ಒಡೆಯನು ಹದಿನಾರು ಸಾವಿರ ಹೇರುಗಳನ್ನು ಬೆಟ್ಟ ದಾಟಿಸಬೇಕು. ಬಳಿಕ ಆ ಸಾವಿರ ಫೋದರನ್ನು ಒಂದೂವರೆ ಹಂಡ್ರೆಡ್‌ವೇಟಿನಷ್ಟು ತೂಗುವ ಗಟ್ಟಿಗಳಾಗಿ ಎರೆದು ಮತ್ತೆ ರೇವಿಗೆ ಮುಟ್ಟಿಸಬೇಕು. ಇದರ ಜೊತೆಗೆ ಕುಲುಮೆಗೆ ಬೇಕಾದ ಉರುವಲಿನ ಸಾಗಣೆ ಬೇರೆ.

ಇಷ್ಟೆಲ್ಲ ಕುದುರೆಗಳು ಯಾರವು? ಒಡೆಯನವಲ್ಲ, ಕಂಪನಿಯವಲ್ಲ, ಬಹುಪಾಲು ಆ ಕಣಿವೆಗಳ ಸಣ್ಣ ರೈತರವು. ಪಾರುಪತ್ಯಗಾರನ ನಿಜವಾದ ಸಂಕಟ ಇಲ್ಲಿಂದ ಮೊದಲಾಗುತ್ತದೆ. ರೈತನಿಗೆ ಮೊದಲು ಹೊಲ, ಆಮೇಲೆ ಬಾಡಿಗೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ, ಜೌಗಿನಲ್ಲಿ ಕುದುರೆಯ ಹೊಟ್ಟೆಯವರೆಗೆ ಕೆಸರು, ಹೇರು ಹೊರಡುವಂತಿಲ್ಲ. ವಸಂತದಲ್ಲಿ ಉಳುಮೆ, ಬಿತ್ತನೆ. ಹಿಮ ಕರಗಿದರೂ ಹುಲ್ಲು ಚಿಗುರುವ ತನಕ ಬಡ ರೈತನು ಕುದುರೆಯನ್ನು ದಾರಿಗೆ ಹಚ್ಚುವುದಿಲ್ಲ. ಏಕೆಂದರೆ ಬೆಟ್ಟದ ಮೇಲೆ ಮೇಯಿಸಿಕೊಂಡು ಹೋದರೆ ಮಾತ್ರ ಬಾಡಿಗೆಯಲ್ಲಿ ಅವನಿಗೆ ನಾಲ್ಕು ಕಾಸು ಉಳಿಯುತ್ತದೆ, ಓಟ್ಸ್ ಕಾಳನ್ನು ಕೊಂಡು ತಿನ್ನಿಸಿದರೆ ಬಾಡಿಗೆಯೆಲ್ಲ ಕುದುರೆಯ ಹೊಟ್ಟೆಗೇ ಹೋಗುತ್ತದೆ. ಹುಲ್ಲು ಚಿಗುರಿ ಹೇರುಗಳು ಹೊರಟ ಕೆಲವು ವಾರಗಳಲ್ಲಿಯೇ ಜೌಗುನೆಲದ ಪೀಟನ್ನು, ಎಂದರೆ ಅರ್ಧ ಕೊಳೆತ ಸಸ್ಯಗಳ ಉರುವಲು ಹೆಂಟೆಯನ್ನು, ಕಡಿದು ಒಣಗಿಸುವ ಕಾಲ. ಆಮೇಲೆ ಹುಲ್ಲು ಕೊಯ್ದು ಒಣಗಿಸುವ ಕಾಲ. ಆಗ ಮಳೆಯಿಲ್ಲದ ನಾಲ್ಕು ದಿನ ಸಿಕ್ಕಿದರೆ ಸಾಕು, ಕಣಿವೆಯಲ್ಲಿ ಒಬ್ಬನೂ ಅದಿರಿನ ಕಡೆ ತಿರುಗಿ ನೋಡನು. ಅದಾದಮೇಲೆ ಪೈರಿನ ಕೊಯ್ಲು. ಒಟ್ಟಿನಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿನ ವರೆಗಿನ ಕಾಲದಲ್ಲಿ, ಅದರಲ್ಲಿಯೂ ಹೊಲದ ಕೆಲಸ ಬಿಟ್ಟುಕೊಟ್ಟ ಅಲ್ಪಾವಕಾಶದಲ್ಲಿ, ವರ್ಷದ ಅದಿರನ್ನೆಲ್ಲ ಬೆಟ್ಟದಿಂದಿಳಿಸಬೇಕು.

ಇಷ್ಟರ ಮೇಲೆ ನೀರಿನ ಕಾಟ. ಮಳೆ ಬಂದರೆ ದಾರಿ ಕೆಡುತ್ತದೆ. ಬಾರದಿದ್ದರೆ ಹೊಳೆ ಬತ್ತಿ ಕುಲುಮೆಯ ಚಕ್ರ ನಿಲ್ಲುತ್ತದೆ. ಕುದುರೆಗೆ ಹಿತವಾದ ಹವೆಯು ತಿದಿಗೆ ಅಹಿತ. ತಿದಿಗೆ ಹಿತವಾದುದು ಕುದುರೆಗೆ ಅಹಿತ. ಕುಲುಮೆಯ ಅಂಗಳದಲ್ಲಿ ಅದಿರಿನ ರಾಶಿ ಬಿದ್ದಿರುವಾಗ ನೀರಿಲ್ಲ, ನೀರು ಭೋರ್ಗರೆಯುವಾಗ ಅದಿರಿಲ್ಲ ಎಂಬಂತಾಗದಿರಬೇಕಾದರೆ, ಹಿಂದಿನ ವರ್ಷದ ಅದಿರಿನಲ್ಲಿ ಇಷ್ಟನ್ನು ಕುಲುಮೆಯ ಬಳಿ ಕೂಡಿಟ್ಟಿರಬೇಕು. ಕೂಡಿಟ್ಟರೆ ಅಷ್ಟು ಹಣವು ಬಡ್ಡಿಯಿಲ್ಲದೆ ಬಿದ್ದಿರುತ್ತದೆ. ಅಷ್ಟು ಹಣವು ಬಿದ್ದಿದ್ದರೆ ಗಣಿಗಾರರ ವಾರ್ಷಿಕ ಲೆಕ್ಕ ತೀರಿಸುವುದಕ್ಕೆ ನಾಣ್ಯವಿರುವುದಿಲ್ಲ. ಇಂಗ್ಲೆಂಡಿನ ಯಂತ್ರಯುಗದ ಚರಿತ್ರೆಯನ್ನು ಬರೆಯುವವರು ಹಬೆಯಂತ್ರವನ್ನೂ ನೂಲಿನ ಗಿರಣಿಯನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಹುಲ್ಲಿನ ಚಿಗುರಿಗೂ ಲಂಡನ್ನಿನ ಲೋಹದ ಧಾರಣೆಗೂ ನಡುವೆ ಗಂಟು ಹಾಕಿ ಕುಳಿತಿದ್ದ ಈ ಜನರ ದೂರದೃಷ್ಟಿಯನ್ನು ಅಷ್ಟಾಗಿ ಸ್ಮರಿಸುವುದಿಲ್ಲ. ಇದು ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ.

ಬಾಡಿಗೆಯ ದರವನ್ನು ಕಟ್ಟುವುದೂ ಸುಲಭವಾಗಿರಲಿಲ್ಲ. ಬ್ಲ್ಯಾಕೆಟ್ಟರು, ಕ್ವೇಕರ್ ಕಂಪನಿ, ಗ್ರೀನಿಚ್ಚಿನ ಆಸ್ಪತ್ರೆ, ಮೂವರಿಗೂ ಬೇಕಾಗಿದ್ದುದು ಒಂದೇ ಸೀಮೆಯ ಕುದುರೆಗಳು. ಒಬ್ಬರು ದರವನ್ನೇರಿಸಿದರೆ ಮಿಕ್ಕವರ ಸಾಲುಗಳು ಅತ್ತ ತಿರುಗುವುವು. ದರವನ್ನು ಇಳಿಸಲು ಹೋದರೆ ರೈತನು ಮರುಮಾತಾಡದೆ ಮನೆಯಲ್ಲಿ ಕುಳಿತುಬಿಡಬಲ್ಲನು. ಗಣಿಗಾರನಿಗಿಲ್ಲದ ಈ ಬಲವು ಹೇರಿನವನಿಗಿದ್ದುದು ಆತನಿಗೊಂದು ತುಂಡು ಹೊಲವೂ ಹಟ್ಟಿಯಲ್ಲಿ ಹಸುವೂ ಇದ್ದುದರಿಂದ. ಚೀಲದ ತೂಕದಲ್ಲಿಯೂ ತಕರಾರು: ಗಣಿಯ ಬಳಿ ತೂಗಿದಾಗ ಒದ್ದೆಯಾಗಿದ್ದ ಅದಿರು ಕುಲುಮೆಗೆ ಬರುವ ವೇಳೆಗೆ ಒಣಗಿ ಹಗುರವಾಗಿರುತ್ತದೆ, ಕಳೆದುದು ನೀರೋ ಅದಿರೋ ಎಂದು ಹೇಳುವವರಾರು? ಹೇರಿನವನ ಪ್ರಾಮಾಣಿಕತೆಯನ್ನು ನಂಬುವುದು ಬಿಟ್ಟು ಅನ್ಯ ಮಾರ್ಗವಿರಲಿಲ್ಲ.

ಕುಲುಮೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ತಗ್ಗಾದ ಒಲೆಯಲ್ಲಿ ಪೀಟನ್ನೂ ತುಸು ಕಲ್ಲಿದ್ದಲನ್ನೂ ಉರಿಸಿ, ತಿದಿಯಿಂದ ಗಾಳಿಯೂದಿ, ಸುಣ್ಣ ಬೆರೆಸಿ ಅದಿರನ್ನು ಬೇಯಿಸಿದರೆ ಗಂಧಕವು ಹೊಗೆಯಾಗಿ ಹೋಗಿ ಸೀಸವು ಹರಿದು ಬರುತ್ತದೆ. ಬೆಳ್ಳಿಯ ಅಂಶ ಸಾಕಷ್ಟಿರುವ ಸೀಸವನ್ನು ಮೂಳೆಯ ಬೂದಿಯಿಂದ ಮಾಡಿದ ಹರಿವಾಣದಲ್ಲಿ ಮತ್ತೆ ಕಾಯಿಸಿ ಗಾಳಿಯೂದಿದರೆ ಸೀಸವು ಭಸ್ಮವಾಗಿ ಸರಿದು ಬೆಳ್ಳಿಯ ಬಿಲ್ಲೆಯೊಂದು ಉಳಿಯುತ್ತದೆ. ಬ್ಲ್ಯಾಕೆಟ್ಟರಿಗೆ ಟೈನ್ ನದಿಯ ದಡದ ಬ್ಲೇಡನ್ನಿನಲ್ಲಿ ಇದಕ್ಕೆಂದೇ ಶೋಧನಾಲಯವಿದ್ದಿತು. ಕುಲುಮೆಯ ಹೊಗೆಯಲ್ಲಿ ಸೀಸವೂ ವಿಷವೂ ಒಟ್ಟಿಗೆ ಹಾರಿಹೋಗುತ್ತಿದ್ದುವು. ಆ ಹೊಗೆಯನ್ನು ಉದ್ದನೆಯ ಅಡ್ಡಕೊಳವೆಗಳಲ್ಲಿ ಹಾಯಿಸಿ ತಣಿಸಿದರೆ ಲೋಹವೂ ಉಳಿಯುವುದು, ಹುಲ್ಲೂ ಉಳಿಯುವುದು ಎಂದು ಸೂಚಿಸಿದವನು ರಸಾಯನಶಾಸ್ತ್ರಜ್ಞನೂ ಆಗಿದ್ದ ಬಿಷಪ್ ರಿಚರ್ಡ್ ವಾಟ್ಸನ್. ಆ ಸಲಹೆಯು ವ್ಯಾಪಕವಾಗಿ ಆಚರಣೆಗೆ ಬಂದುದು ಮುಂದಿನ ಶತಮಾನದಲ್ಲಿ. ಅಲ್ಲಿಯವರೆಗೆ ಕುಲುಮೆಯ ಆಳುಗಳು ಆ ಹೊಗೆಯನ್ನೇ ಉಸಿರಾಡಿದರು.

ಆ ಸೀಮೆಗೆ ಪ್ರತಿಭಾಶಾಲಿಗಳಾದ ಯಂತ್ರಜ್ಞರ ನೆರವೂ ದೊರೆಯದೆ ಹೋಗಲಿಲ್ಲ. ಕೋಲ್‌ಕ್ಲೂ ಗಣಿಯಲ್ಲಿ ವಿಲಿಯಂ ವೆಸ್ಟ್‌ಗಾರ್ತ್ ಎಂಬಾತನು, ಎತ್ತರದಿಂದ ಕೊಳವೆಯಲ್ಲಿ ಇಳಿದುಬರುವ ನೀರಿನ ಒತ್ತಡದಿಂದಲೇ ಗಣಿಯ ನೀರನ್ನು ಮೇಲೆತ್ತುವ ಯಂತ್ರವನ್ನು ೧೭೬೫ರ ಸುಮಾರಿನಲ್ಲಿ ರಚಿಸಿದನು. ಅದನ್ನು ಮೆಚ್ಚಿ ಲೋಕಕ್ಕೆ ಪರಿಚಯಿಸಿದವನು ಜಾನ್ ಸ್ಮೀಟನ್. ಎಡ್ಡಿಸ್ಟನ್ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಿ ೧೭೫೯ರಲ್ಲಿ ಪೂರೈಸಿದ ಅದೇ ಸ್ಮೀಟನ್, ೧೭೬೪ರ ಕೊನೆಯಲ್ಲಿ ಡರ್ವೆಂಟ್‌ವಾಟರ್ ಸಂಸ್ಥಾನದ ಆದಾಯಾಧಿಕಾರಿಗಳಿಬ್ಬರಲ್ಲಿ ಒಬ್ಬನಾಗಿ ನೇಮಿತನಾಗಿ, ಗ್ರೀನಿಚ್ಚಿನ ಆಸ್ಪತ್ರೆಯ ಪರವಾಗಿ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಈ ಬೆಟ್ಟಗಳ ಕಾರ್ಯವನ್ನು ನೋಡಿಕೊಂಡನು.

ಅವನು ಯೋಜಿಸಿದ ಮಹಾಕಾರ್ಯವೊಂದು ೧೭೭೬ರಲ್ಲಿ ಆರಂಭವಾಯಿತು. ಆಲ್‌ಸ್ಟನ್ನಿನ ಬಳಿಯ ನದೀತೀರದಿಂದ ನೆಂಟ್ ಕಣಿವೆಯ ಕೆಳಗೆ, ಒಂಬತ್ತು ಅಡಿ ಅಗಲದ ಸುರಂಗವನ್ನು ಕೊರೆದುಕೊಂಡು ಹೋಗುವುದು. ಅದರಿಂದ ಮೇಲಣ ಗಣಿಗಳ ನೀರು ತಾನಾಗಿ ಬಸಿದುಹೋಗಬೇಕು. ದಾರಿಯಲ್ಲಿ ಹೊಸ ಅದಿರಿನ ಎಳೆಗಳು ಕಾಣಿಸಿಕೊಳ್ಳಬೇಕು. ಸುರಂಗದಲ್ಲಿ ನಿಂತ ನೀರಿನ ಮೇಲೆ ದೋಣಿಗಳು ಓಡಾಡಿ ಒಡೆದ ಕಲ್ಲನ್ನು ಹೊರಕ್ಕೆ ಸಾಗಿಸಬೇಕು. ಮೇಲೆ ಕುದುರೆಗಳು ಕೆಸರಿನಲ್ಲಿ ಹೂತುಹೋಗುವ ಬೆಟ್ಟದ ಒಳಗೆ ದೋಣಿಯನ್ನು ತೇಲಿಸುವ ಈ ಕಲ್ಪನೆಯ ಧೀರತೆಗೆ ಯಾರಾದರೂ ತಲೆದೂಗಬೇಕು. ದೋಣಿಗಳೂ ತೇಲಿದುವು, ನೀರೂ ಬಸಿಯಿತು. ಆದರೆ ಆರು ದಶಕಗಳಿಗೂ ಮೀರಿ ಅಗೆದು, ೮೦,೦೦೦ ಪೌಂಡಿಗೂ ಹೆಚ್ಚು ವೆಚ್ಚಮಾಡಿ, ಸುಮಾರು ಐದು ಮೈಲಿ ಕೊರೆದು ೧೮೪೨ರಲ್ಲಿ ಅದು ನೆಂಟ್‌ಹೆಡ್ಡನ್ನು ಸಮೀಪಿಸಿದಾಗ, ದಾರಿಯಲ್ಲಿ ಕೈಗೆ ಬಂದ ಅದಿರು ಆ ಖರ್ಚಿಗೆ ಯಾವ ರೀತಿಯಲ್ಲಿಯೂ ಸಾಟಿಯಾಗಲಿಲ್ಲ.

ಅದೇ ಹಣದಲ್ಲಿ ಒಂದು ಪಾಲನ್ನು ಮೊದಲೇ ಬೆಟ್ಟದ ಮೇಲಣ ದಾರಿಗಳಿಗೆ ಚೆಲ್ಲಿದ್ದರೆ ಆಸ್ಪತ್ರೆಗೂ ಗಣಿಗಾರರಿಗೂ ಹೆಚ್ಚು ಹಿತವಾಗುತ್ತಿದ್ದಿತೆಂದು ನನಗೆ ತೋರುತ್ತದೆ. ಸುಂಕದ ಗೇಟುಗಳುಳ್ಳ ರಸ್ತೆಗಳನ್ನು ಕಟ್ಟುವ ಪ್ರಯತ್ನಗಳು ಶತಮಾನದ ಉತ್ತರಾರ್ಧದಲ್ಲಿ ಆ ಕಡೆಯೂ ತಲೆಯೆತ್ತಿದುವು. ಆದರೆ ಆಲ್‌ಸ್ಟನ್ನಿನ ಸುತ್ತಣ ರಸ್ತೆಗಳು ಗಾಡಿಗಳಿಗೆ ನಿಜವಾಗಿಯೂ ಅನುಕೂಲವಾದುದು ೧೮೨೦ರ ದಶಕದಲ್ಲಿ, ರಸ್ತೆ ಕಟ್ಟುವುದರಲ್ಲಿ ನಿಪುಣನಾದ ಜಾನ್ ಮೆಕ್‌ಆಡಮ್ಮನ ಸಲಹೆಯಂತೆ, ಆಸ್ಪತ್ರೆಯ ಹಣದಿಂದಲೇ ಅವನ್ನು ಹೊಸದಾಗಿ ಹಾಕಿಸಿದ ಮೇಲೆ. ಒಂದು ಗಾಡಿಯು ಹತ್ತಾರು ಕುದುರೆಗಳ ಹೇರನ್ನು ಹೊರಬಲ್ಲುದು. ಹುಲ್ಲು ಚಿಗುರುವುದನ್ನೇ ಕಾದು ಕುಳಿತಿರಬೇಕಾದ ಅಗತ್ಯ ಅದರಿಂದ ಬಹುಮಟ್ಟಿಗೆ ತಪ್ಪಿತು. ಡ್ಯೂಕ್ಸ್‌ಫೀಲ್ಡಿನ ಕುಲುಮೆಯು ೧೮೩೦ರ ದಶಕದಲ್ಲಿ ಮುಚ್ಚಿತು. ನ್ಯೂಕಾಸಲ್ಲಿಗೂ ಕಾರ್ಲೈಲಿಗೂ ನಡುವಣ ರೈಲುದಾರಿಯು ೧೮೩೮ರಲ್ಲಿ ಪೂರ್ಣವಾಗಿ ತೆರೆದು, ಲ್ಯಾಂಗ್ಲಿಯ ಸೀಸವು ಹತ್ತಿರದ ಹೇಡನ್ ಬ್ರಿಡ್ಜ್ ನಿಲ್ದಾಣದವರೆಗೆ ಮಾತ್ರ ಗಾಡಿಯಲ್ಲಿ ಹೋದರೆ ಸಾಕೆಂಬಂತಾಯಿತು.